ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹಾಕಿದವರು ಇದ್ದೀರಾ? (ಶಿಕಾಗೊ, ಹಳೇ ಬಾಡಿಗೆ ಮನೆ, ಒಂಟಿ ಗಾಜು)

ಕರಿಬೇವು_ಕುಂಡ · ನವೆಂಬರ್ 16

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಕಾಗೊದ ಉತ್ತರ ಭಾಗ, ಡೆವನ್ ರಸ್ತೆಯ ಅಂಗಡಿಗಳಿಂದ ಹತ್ತು ನಿಮಿಷದ ನಡಿಗೆ. ಮೂರು ಮಹಡಿಯ ಇಟ್ಟಿಗೆ ಕಟ್ಟಡ, ಮಹಡಿಗೊಂದು ಮನೆ, ನಡುವಿನದು ನಮ್ಮದು. ಕಟ್ಟಿದ್ದು 1920ರ ದಶಕದಲ್ಲಂತೆ. ಕಿಟಕಿಗಳೆಲ್ಲ ಮೇಲೆ-ಕೆಳಗೆ ಸರಿಯುವ ಮರದ ಕಿಟಕಿಗಳು, ಪಕ್ಕದಲ್ಲಿ ಹಗ್ಗ, ಗೋಡೆಯೊಳಗೆ ತೂಕದ ಕಬ್ಬಿಣ. ಒಂದೇ ಪದರ ಗಾಜು. ಹೊರಗಡೆ ಅಲ್ಯೂಮಿನಿಯಂನ ಸ್ಟಾರ್ಮ್ ಕಿಟಕಿ (ಚಳಿಗಾಳಿಗೆ ಅಡ್ಡವಾಗಿ ಹೊರಗಿಂದ ಮುಚ್ಚುವ ಎರಡನೇ ಕಿಟಕಿ) ಇದೆ, ಆದರೆ ಹಾಲ್‌ನ ಮೂರರಲ್ಲಿ ಒಂದು ಅರ್ಧಕ್ಕೇ ಸಿಕ್ಕಿಕೊಂಡು ಕೆಳಗೆ ಇಳಿಯುವುದೇ ಇಲ್ಲ.

ಅಮ್ಮ ಹಾಸನದಿಂದ ಬಂದು ಮೂರು ವಾರ ಆಯಿತು. ದೇವರ ಮುಂದಿನ ದೀಪ ಕಿಟಕಿ ಮುಚ್ಚಿದ್ದರೂ ಅಲ್ಲಾಡುತ್ತೆ. "ಫ್ಯಾನ್ ಹಾಕಿದ್ದೀಯೇನೋ?" ಅಂತ ಮೊದಲ ದಿನವೇ ಕೇಳಿದರು. ಈಗ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜಾಕೆಟ್ಟು. ಓನರ್‌ಗೆ ಹೇಳಿದರೆ, ಥರ್ಮಾಮೀಟರ್ 68 ತೋರಿಸುತ್ತಲ್ಲ, ಇನ್ನೇನು ಬೇಕು ಅಂತಾರೆ. ಅವರ ಮಾತೂ ಸುಳ್ಳಲ್ಲ. ಇಲ್ಲಿಯ ನಿಯಮದಂತೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಹತ್ತೂವರೆ ತನಕ 68 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 66 ಇದ್ದರೆ ಆಯಿತು. ಆದರೆ ಸೋಫಾದಲ್ಲಿ ಕೂತರೆ ಬೆನ್ನಿಗೆ ಯಾರೋ ತಣ್ಣೀರು ಚಿಮುಕಿಸಿದ ಹಾಗಾಗುತ್ತೆ.

ಹೋಮ್ ಡಿಪೋದಲ್ಲಿ ತ್ರೀಎಂ, ಡಕ್ ಕಂಪನಿಗಳ ಫಿಲ್ಮ್ ಕಿಟ್ ನೋಡಿದೆ. ಟೇಪ್ ಅಂಟಿಸಿ, ಹಾಳೆ ಹಚ್ಚಿ, ಹೇರ್ ಡ್ರೈಯರ್ ಹಿಡಿದರೆ ಬಿಗಿಯಾಗುತ್ತಂತೆ. ಐದು ಕಿಟಕಿಗೆ ಇಪ್ಪತ್ತು ಡಾಲರ್ ಆಸುಪಾಸು. ನಿಜವಾಗಿ ಉಪಯೋಗ ಆಗುತ್ತಾ? ತೆಗೆಯುವಾಗ ಬಣ್ಣ ಕಿತ್ತು ಬಂದರೆ ಡೆಪಾಸಿಟ್ಟಿಗೆ ಕತ್ತರಿ ಬೀಳುತ್ತೆ, ಅದೊಂದು ಭಯ.

ಸಾಧನಕೇರಿ_ಮಂದಿ · ನವೆಂಬರ್ 16

ಹಾಕ್ರಿ. ಮಿನಿಯಾಪೊಲಿಸ್‌ದಾಗ ಇದು ನಮ್ದು ಹನ್ನೊಂದನೇ ಚಳಿಗಾಲ. ದೀಪಾವಳಿ ಮುಗೀತಂದ್ರ ನಮ್ಮನ್ಯಾಗ ಇದ ಕೆಲಸ. ಆದ್ರ ಅಂಗಡಿಗೆ ಓಡೂಕಿಂತ ಮೊದಲ ಕಿಟಕಿ ಕೊಂಡಿ ಹಾಕ್ರಿ. ನಗಬ್ಯಾಡ್ರಿ. ಈ ಸರಿಯೋ ಕಿಟಕಿಯೊಳಗ ಮ್ಯಾಲಿನ ಪಡಕ ತನ್ನ ಭಾರಕ್ಕ ತಾನ ಅರ್ಧ ಇಂಚು ಇಳದಿರ್ತದ. ಮುಂದ ಪರದೆ ಇರ್ತದಲ್ಲ, ಯಾರೂ ನೋಡಿರೂದಿಲ್ಲ. ಅಂಗೈ ಹಚ್ಚಿ ಅದನ್ನ ಮ್ಯಾಲಕ್ಕ ದೂಡ್ರಿ, ಕೆಳಗಿಂದು ಕೆಳಗ ಒತ್ರಿ, ಆಮ್ಯಾಲ ಕೊಂಡಿ ತಿರುವ್ರಿ. ಕೊಂಡಿ ಇರೂದು ಬರೇ ಕಳ್ಳರ ಸಲುವಾಗಿ ಅಲ್ಲ, ಎರಡೂ ಪಡಕ ಬಿಗಿಯಾಗಿ ಕೂಡ್ಲಿ ಅಂತ. ನಮ್ಮನ್ಯಾಗ ಬೆಡ್‌ರೂಮಿನ ಅರ್ಧ ಗಾಳಿ ಇಷ್ಟಕ್ಕ ನಿಂತಿತ್ತು.

ಆಮ್ಯಾಲ ಜೋರು ಗಾಳಿ ಬೀಸೋ ದಿನ ಊದಿನಕಡ್ಡಿ ಹಚ್ಚಿ ಕಿಟಕಿ ಸುತ್ತ ನಿಧಾನಕ ಆಡಸ್ರಿ. ಹೊಗಿ ನೆಟ್ಟಗ ಹೊಂಟ್ರ ಸರಿ. ಎಲ್ಲಿ ಒಳಗ ಬಗ್ಗತೈತಿ ಅಲ್ಲಿ ತೂತು ಐತಿ ಅಂತ ತಿಳೀರಿ. ಅಲ್ಲಿ ರೋಪ್ ಕಾಕ್ ಅಂತ ಹಗ್ಗದಂಥ ಪುಟ್ಟಿ ಸಿಗ್ತದ, ಚಪಾತಿ ಹಿಟ್ಟಿನಂಗ ಮೆತ್ತಗ. ಬೆರಳಲೇ ಒತ್ತಿದ್ರ ಕೂಡ್ತದ, ಬ್ಯಾಸಿಗ್ಯಾಗ ಎಳದ್ರ ಬರ್ತದ. ಹೊರಗಿನ ಸ್ಟಾರ್ಮ್ ಕಿಟಕಿ ಬುಡಕ್ಕ ಸಣ್ಣ ತೂತು ಇರ್ತಾವ, ಅವನ್ನ ಮಾತ್ರ ಮುಚ್ಚಬ್ಯಾಡ್ರಿ. ನೀರು ಹೊರಗ ಹೋಗೂ ದಾರಿ ಅದು.

ಹೊಸೂರು_ರಸ್ತೆ · ನವೆಂಬರ್ 17

ಇಷ್ಟೆಲ್ಲ ಯಾಕೆ ಗುರು, ದಪ್ಪನೆ ಪರದೆ ಹಾಕಿ ಮುಗಿಸಿ.

ಲೆಕ್ಕದ_ಮೇಷ್ಟ್ರು · ನವೆಂಬರ್ 17

ಪರದೆ ಗಾಳಿಯ ರಭಸ ಸ್ವಲ್ಪ ತಡೆಯುತ್ತೆ, ಗಾಳಿಯನ್ನು ಹಿಡಿದು ನಿಲ್ಲಿಸೋದಿಲ್ಲ. ಮೇಲಿಂದ ನುಗ್ಗಿದ ಬೆಚ್ಚನೆ ಗಾಳಿ ಗಾಜಿಗೆ ತಾಗಿ ತಣ್ಣಗಾಗಿ ಕೆಳಗಿಂದ ಕಾಲಿಗೆ ಸುರಿಯುತ್ತೆ. ರೇಡಿಯೇಟರ್ ಕಿಟಕಿ ಕೆಳಗೇ ಇದ್ದರೆ ಅದರ ಶಾಖವೂ ಪರದೆಯ ಹಿಂದೆಯೇ ಹೋಗುತ್ತೆ.

ಫಿಲ್ಮ್ ಕೆಲಸ ಮಾಡೋದು ಪ್ಲಾಸ್ಟಿಕ್ಕಿನಿಂದಲ್ಲ, ಅದರ ಹಿಂದೆ ಅಲುಗಾಡದೆ ನಿಂತ ಗಾಳಿಯಿಂದ. ಪ್ಲಾಸ್ಟಿಕ್ ಕೂದಲಿಗಿಂತ ತೆಳು, ಅದರದ್ದೇನೂ ಇಲ್ಲ. ಅರ್ಧದಿಂದ ಮುಕ್ಕಾಲು ಇಂಚು ನಿಂತ ಗಾಳಿ ಸಿಕ್ಕರೆ ಒಂಟಿ ಗಾಜು ಹೆಚ್ಚುಕಮ್ಮಿ ಜೋಡಿ ಗಾಜಿನ ಹಾಗೆ ವರ್ತಿಸುತ್ತೆ.

ಒಂದು ಲೆಕ್ಕ ಹಾಕೋಣ. ಮೂರಡಿ ಅಗಲ ಐದಡಿ ಎತ್ತರ, ಅಂದರೆ 15 ಚದರಡಿ. ಒಳಗೆ 70, ಹೊರಗೆ 20 ಫ್ಯಾರನ್‌ಹೀಟ್. ಒಂಟಿ ಗಾಜಿಗೆ ಚದರಡಿಗೆ, ಡಿಗ್ರಿಗೆ, ಗಂಟೆಗೆ ಸುಮಾರು 1 ಬಿಟಿಯು (ಇಲ್ಲಿಯವರ ಶಾಖದ ಅಳತೆ) ಸೋರಿಕೆ. 15 × 50 = 750 ಬಿಟಿಯು, ನಮಗೆ ಅರ್ಥವಾಗೋ ಭಾಷೆಯಲ್ಲಿ 220 ವಾಟ್. ಹಾಳೆ ಹಾಕಿದರೆ ಅರ್ಧ. ಅಂದರೆ ಪ್ರತಿ ಕಿಟಕಿಯಲ್ಲೂ ನೂರು ವಾಟಿನ ಹಳೇ ಬಲ್ಬೊಂದು ಹಗಲೂ ರಾತ್ರಿ ಬೀದಿಗೆ ಉರಿಯುತ್ತಿತ್ತು, ಅದನ್ನು ಆರಿಸಿದ ಹಾಗೆ. ಇಡೀ ಚಳಿಗಾಲಕ್ಕೆ ಸುಮಾರು 6,000 ಡಿಗ್ರಿ-ದಿನ (ದಿನದಿನದ ಚಳಿಯನ್ನು ಕೂಡಿಸಿದ ಮೊತ್ತ) ಅಂತ ಹಿಡಿದು, ಬಾಯ್ಲರ್ ನಷ್ಟ ಸೇರಿಸಿದರೆ ಕಿಟಕಿಗೆ ಹದಿಮೂರು ಥರ್ಮ್ (ಗ್ಯಾಸ್ ಬಿಲ್ಲಿನ ಅಳತೆ) ಗ್ಯಾಸ್ ಉಳಿಯುತ್ತೆ.

ಆದರೆ ನಿಮ್ಮ ಮನೆಗೆ ಈ ಲೆಕ್ಕ ಪೂರ್ತಿ ಕೂರೋದಿಲ್ಲ. ಸ್ಟಾರ್ಮ್ ಕಿಟಕಿ ಸರಿಯಾಗಿ ಮುಚ್ಚುವ ಎರಡಕ್ಕೆ ಆಗಲೇ ಎರಡು ಪದರ ಇದೆ, ಹಾಳೆ ಮೂರನೆಯದು, ಲಾಭ ಕಡಿಮೆ. ಸಿಕ್ಕಿಕೊಂಡಿದೆ ಅಂದಿರಲ್ಲ, ಆ ಕಿಟಕಿಗೆ ಮೊದಲು ಹಾಕಿ. ಇನ್ನು ಗ್ಯಾಸ್ ಬಿಲ್ಲು ಓನರ್ ಕಟ್ಟೋದಾದರೆ ದುಡ್ಡು ಉಳಿಯೋದು ಅವರಿಗೆ, ನಿಮಗೆ ಸಿಗೋದು ಬೆನ್ನಿನ ನೆಮ್ಮದಿ. ಈಗ ಗಾಜಿನ ಮೈ ಒಳಗಡೆ ಸುಮಾರು 36 ಡಿಗ್ರಿ ಇರುತ್ತೆ, ಫ್ರಿಜ್ಜಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಕೊಟ್ಟು ಕೂತ ಹಾಗೆ. ಹಾಳೆಯ ಮೈ 53ರ ಹತ್ತಿರ ಇರುತ್ತೆ. ಥರ್ಮಾಮೀಟರ್ 68 ಅಂದರೂ ಅಮ್ಮ ಚಳಿ ಅನ್ನೋದು ಇದಕ್ಕೇ. ಇಬ್ಬರೂ ಸರಿ.

ಕುಡ್ಲದ_ಗಾಳಿ · ನವೆಂಬರ್ 17

ಮಾರಾಯ್ರೆ, ಟೊರಾಂಟೊದಿಂದ ನಂದೊಂದು. 1978ಕ್ಕಿಂತ ಮೊದಲಿನ ಮನೆ ಅಂದರೆ ಕಿಟಕಿ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜೋರಿದೆ. ಟೇಪ್ ಚೆನ್ನಾಗಿ ಹಿಡಿಯಲಿ ಅಂತ ಉಪ್ಪುಕಾಗದ ಹಾಕಿ ಉಜ್ಜಲಿಕ್ಕೆ ಹೋಗಬೇಡಿ, ಕೆರೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ಟಲ್ಲಿ ಇನ್ನೊಮ್ಮೆ ಒರೆಸಿ, ಸಾಕು. ಬಣ್ಣ ಆಗಲೇ ಹೊಪ್ಪಳೆ ಎದ್ದಿದ್ದರೆ ಅಲ್ಲಿಗೆ ಟೇಪೇ ಬೇಡ, ಓನರಿಗೆ ಹೇಳಿ.

ಮತ್ತೆ, ಬೆಂಕಿ ಬಿದ್ದರೆ ಯಾವ ಕಿಟಕಿಯಿಂದ ಹೊರಗೆ ಹೋಗುವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಆ ಕಿಟಕಿಗೆ ಹಾಕಿದರೂ ಒಂದು ಮೂಲೆಯಲ್ಲಿ ಹಾಳೆಯನ್ನು ನಾಲ್ಕು ಬೆರಳು ಹೊರಗೆ ಬಿಡಿ. ಹಿಡಿದು ಎಳೆದರೆ ಒಂದೇ ಏಟಿಗೆ ಬರಬೇಕು. ಅಮ್ಮನಿಗೂ ಒಮ್ಮೆ ತೋರಿಸಿ. ಗ್ಯಾಸ್ ಒಲೆ ಇರುವ ಅಡುಗೆಮನೆ ಕಿಟಕಿಗೆ ಹಾಕಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕೂಗುತ್ತದಾ ಅಂತ ಒತ್ತಿ ನೋಡಿ. ನಿಮ್ಮ ಇಲಿನಾಯ್‌ನಲ್ಲಿ ಮಲಗುವ ಕೋಣೆಯಿಂದ 15 ಅಡಿ ಒಳಗೆ ಅದು ಇರಲೇಬೇಕು ಅಂತ ಕಾನೂನೇ ಉಂಟು.

ಬಸವನಗುಡಿ_ಬಿಸಿಲು · ನವೆಂಬರ್ 18

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಬೆಂಗಳೂರು ಮನೆಗೆ ಇದನ್ನ ತರಿಸಿಕೊಳ್ಳಬಹುದಾ? ಪಶ್ಚಿಮದ ಕಿಟಕಿ, ಸಂಜೆ ಕೋಣೆ ಕಾದ ಕಾವಲಿ.

ಲೆಕ್ಕದ_ಮೇಷ್ಟ್ರು · ನವೆಂಬರ್ 18

ಬೇಡ ಸಾರ್. ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಇದು ಒಳಗಿನ ಶಾಖ ಹೊರಗೆ ಹೋಗದ ಹಾಗೆ ತಡೆಯೋ ಹಾಳೆ, ಬಿಸಿಲು ಇದರಲ್ಲಿ ಸಲೀಸಾಗಿ ಒಳಗೆ ಬರುತ್ತೆ. ನಿಮಗೆ ಬೇಕಾದ್ದು ಗಾಜಿಗೇ ಅಂಟುವ ಸನ್ ಕಂಟ್ರೋಲ್ ಫಿಲ್ಮ್, ಅದು ಬೇರೆ ಜಾತಿ. ಅದಕ್ಕಿಂತ ಬಿಸಿಲು ಗಾಜಿಗೆ ತಾಗುವ ಮೊದಲೇ ಹೊರಗಡೆ ತಡೆದರೆ ಇನ್ನೂ ಒಳ್ಳೇದು. ಸಜ್ಜಾ ಉದ್ದ ಮಾಡಿಸಿ, ಇಲ್ಲ ಬಿದಿರಿನ ತಟ್ಟಿ ಇಳಿಬಿಡಿ.

ಕರಿಬೇವು_ಕುಂಡ · ನವೆಂಬರ್ 24

ವರದಿ. ಕೊಂಡಿಯ ವಿಷಯ ನೂರಕ್ಕೆ ನೂರು ನಿಜ. ಹಾಲ್‌ನ ನಡುವಿನ ಕಿಟಕಿಯ ಮೇಲಿನ ಪಡಕ ಬೆರಳು ತೂರುವಷ್ಟು ಇಳಿದಿತ್ತು. ಮೂರು ವರ್ಷದಿಂದ ಆಕಾಶಕ್ಕೆ ಬಾಗಿಲು ತೆರೆದಿಟ್ಟು ಮಲಗಿದ್ದೆವು. ಊದಿನಕಡ್ಡಿ ಅಮ್ಮನೇ ಆಡಿಸಿದರು. ಕಿಟಕಿಗೆ ಮಂಗಳಾರತಿ ಎತ್ತಿದ ಹಾಗಿತ್ತು, ಮಗಳು ಪಕ್ಕದಲ್ಲಿ ನಿಂತು ಗಂಟೆ ಹೊಡೆದಳು.

ನಿನ್ನೆ ಹಾಳೆ ಹಾಕಿದೆವು. ಮೂರು ಎಡವಟ್ಟು ಆಯಿತು, ಮುಂದೆ ಹಾಕುವವರಿಗೆ ಬರೆದಿಡುತ್ತೇನೆ.

ಹಾಳೆ 62 ಇಂಚು ಅಗಲ, 210 ಇಂಚು ಉದ್ದ, ಒಂದೇ ತುಂಡು, ಮಡಿಕೆ ಮೇಲೆ ಮಡಿಕೆ. ಬಿಡಿಸಿದ ಕೂಡಲೇ ಅದು ನನ್ನ ಕೈಗೆ, ಶರ್ಟಿಗೆ, ಸೋಫಾಕ್ಕೆ ಅಂಟಿಕೊಂಡಿತು. ಅಮ್ಮ ಬಂದು, ಸೀರೆ ಮಡಿಸುವಾಗ ಇಬ್ಬರು ಎದುರುಬದುರು ನಿಂತು ಅಂಚು ಜಗ್ಗುತ್ತಾರಲ್ಲ, ಹಾಗೆ ಹಿಡಿಸಿದರು. ಆಮೇಲೆ ಸಲೀಸು. ಚೌಕಟ್ಟಿಗಿಂತ ಸುತ್ತಲೂ ಎರಡಿಂಚು ಜಾಸ್ತಿ ಬಿಟ್ಟು ಕತ್ತರಿಸಿದೆವು. ಮೇಲಿನ ಅಂಚು ಮೊದಲು, ಆಮೇಲೆ ಪಕ್ಕ, ಕೊನೆಗೆ ಕಿಟಕಿಕಟ್ಟೆ.

ಎರಡನೆಯದು ಡ್ರೈಯರ್. ನಮ್ಮ ಮನೆಯಲ್ಲಿ ಇರಲಿಲ್ಲ, ಅಮ್ಮ ಊರಿಂದ ತಂದಿದ್ದರು. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಇಪ್ಪತ್ತು ನಿಮಿಷ ಹಿಡಿದೆ. ಒಂದು ಸುಕ್ಕೂ ಹೋಗಲಿಲ್ಲ. ಬಾಯಿಂದ ಊದಿದ ಹಾಗೆ ಬೆಚ್ಚನೆ ಗಾಳಿ, ಅಷ್ಟೇ.

ಮೇಲಿನ ಮನೆಯವರ ಡ್ರೈಯರ್ ಇಸಕೊಂಡು ಬಂದೆ. 1875 ವಾಟ್. ಹಚ್ಚಿದ ಎರಡೇ ನಿಮಿಷಕ್ಕೆ ಹಾಲು, ದೇವರಮನೆ, ವೈಫೈ ಎಲ್ಲ ಕತ್ತಲು. ಅಮ್ಮನ ಕಾಲ ಬಳಿ ಹೀಟರ್ ಉರಿಯುತ್ತಿದ್ದುದು ಮರೆತೇ ಹೋಗಿತ್ತು. ಅದನ್ನು ಆರಿಸಿ ಮತ್ತೆ ಶುರು ಮಾಡಿದ ಮೇಲೆ ಕಣ್ಣೆದುರೇ ಸುಕ್ಕುಗಳು ಓಡಿಹೋದವು. ಒಂದು ಕಡೆ ಆಸೆಬುರುಕನ ಹಾಗೆ ಡ್ರೈಯರ್ ಮೂತಿ ತಾಗಿಸಿಬಿಟ್ಟೆ, ಕಾಸಿನಗಲ ತೂತು. ಪಾರದರ್ಶಕ ಟೇಪ್ ಹಚ್ಚಿದ್ದೇನೆ.

ಲೆಕ್ಕದ_ಮೇಷ್ಟ್ರು · ನವೆಂಬರ್ 24

ಊರಿನ ಡ್ರೈಯರ್ 230 ವೋಲ್ಟಿಂದು, ಇಲ್ಲಿ ಬರೋದು 120. ವೋಲ್ಟೇಜ್ ಅರ್ಧವಾದರೆ ಶಾಖ ಅರ್ಧವಲ್ಲ, ಕಾಲು ಭಾಗ. 1200 ವಾಟಿನದು ಮುನ್ನೂರು ಚಿಲ್ಲರೆ ವಾಟಿಗೆ ಬಂದಿರುತ್ತೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತೆ ಹೊರತು ಕರೆಂಟಿನ ಗುಣ ಅಲ್ಲ. ಇಲ್ಲಿಯದನ್ನ ಊರಿಗೆ ಒಯ್ದು ಸಿಕ್ಕಿಸಿದರೆ ಇದರ ಉಲ್ಟಾ, ನಾಲ್ಕು ಪಾಲು ಶಾಖ, ಸುಟ್ಟೇ ಹೋಗುತ್ತೆ. ಅದನ್ನು ಮಾಡಬೇಡಿ. ಮತ್ತೆ 15 ಆಂಪಿಯರ್ ಸರ್ಕ್ಯೂಟು ತಡೆಯೋದು 1800 ವಾಟ್, ನಿಮ್ಮ ಡ್ರೈಯರ್ ಒಂದೇ ಅದರ ಅಂಚಿನಲ್ಲಿತ್ತು.

ಸಾಧನಕೇರಿ_ಮಂದಿ · ನವೆಂಬರ್ 25

ನಮ್ಮೂರಾಗ ಹಲಿಗಿ ಬಾರಸೂಕಿಂತ ಮೊದಲ ಬೆಂಕಿಗೆ ಹಿಡದು ಕಾಸ್ತಾರಲ್ರೀ, ಚರ್ಮ ಬಿಗಿ ಆಗ್ಲಿ ಅಂತ, ಹಂಗ ಇದು. ಅಂಚಿನಗುಂಟ ಮೊದಲ ಕಾಸ್ರಿ, ನಡುವ ಆಮ್ಯಾಲ. ಕೈ ನಿಲ್ಲಸಬ್ಯಾಡ್ರಿ, ಒಂದ ಕಡೆ ಹಿಡಿದ್ರ ಕರಗಿ ತೂತು ಬೀಳತೈತಿ. ಮುಗದ ಮ್ಯಾಲ ಬೆರಳಲೇ ಮೆತ್ತಗ ಬಡೀರಿ, ಡಬ್ ಅಂತ ಸಪ್ಪಳ ಬರಬೇಕು. ಹೆಚ್ಚಿನ ಅಂಚು ಕತ್ತರಸೂದು ಆಮ್ಯಾಲ.

ಕರಿಬೇವು_ಕುಂಡ · ಡಿಸೆಂಬರ್ 9

ಮತ್ತೆ ನಾನೇ. ಎರಡು ಕಿಟಕಿ ಅದ್ಭುತ. ದೀಪ ನೆಟ್ಟಗೆ ಉರಿಯುತ್ತೆ, ಅಮ್ಮ ನನ್ನ ಜಾಕೆಟ್ ವಾಪಸ್ ಕೊಟ್ಟರು. ಆದರೆ ಮೂರನೆಯದು, ಅದೇ ಸ್ಟಾರ್ಮ್ ಇಳಿಯದ ಕಿಟಕಿ, ಬೆಳಿಗ್ಗೆ ಎದ್ದು ನೋಡಿದರೆ ಹಾಳೆಯ ಹಿಂದೆ ಗಾಜಿನ ತುಂಬ ಮಂಜು. ಮೊನ್ನೆಯಂತೂ ಕೆಳಗಿನ ಅಂಗೈ ಅಗಲ ಮಂಜುಗಡ್ಡೆಯೇ ಕಟ್ಟಿತ್ತು. ಮಧ್ಯಾಹ್ನ ಕರಗಿ ಕಿಟಕಿಕಟ್ಟೆಯ ಮರ ಒದ್ದೆ. ಹಾಳೆ ಹಾಕುವ ಮೊದಲು ಇಷ್ಟು ಆಗುತ್ತಲೇ ಇರಲಿಲ್ಲ! ಹಾಳೆ ಕಳಪೆಯಾ?

ಕುಡ್ಲದ_ಗಾಳಿ · ಡಿಸೆಂಬರ್ 9

ನೀರು ಹಾಳೆಯ ಈಚೆ ಉಂಟಾ, ಆಚೆ ಗಾಜಿನ ಮೇಲೆ ಉಂಟಾ? ಬೆರಳು ಹಚ್ಚಿ ನೋಡಿ ಹೇಳಿ.

ಕರಿಬೇವು_ಕುಂಡ · ಡಿಸೆಂಬರ್ 9

ಆಚೆ. ಹಾಳೆ ಒಣಗಿದೆ.

ಕುಡ್ಲದ_ಗಾಳಿ · ಡಿಸೆಂಬರ್ 9

ಹಾಗಾದರೆ ಹಾಳೆ ತನ್ನ ಕೆಲಸ ಮಾಡುತ್ತಾ ಉಂಟು. ಕೋಣೆಯ ಹಬೆ ಎಲ್ಲೋ ಅಂಚಿನಿಂದ ಒಳಗೆ ನುಗ್ಗುತ್ತಿದೆ. ಕಿಟಕಿಕಟ್ಟೆ ಕಡೆಯ ಟೇಪ್ ನೋಡಿ, ಅಲ್ಲೇ ಧೂಳು ಜಾಸ್ತಿ. ನಿಮ್ಮಲ್ಲಿ ಕುಕ್ಕರ್ ಎಷ್ಟು ಸಲ ಕೂಗುತ್ತದೆ ದಿನಕ್ಕೆ? ಅಮ್ಮ ಬಂದ ಮೇಲೆ ಇಡ್ಲಿ, ಕಡುಬು, ಬಟ್ಟೆ ಒಳಗೇ ಒಣಗಿಸುವುದು ಎಲ್ಲ ಜಾಸ್ತಿ ಆಗಿರುತ್ತದೆ.

ಲೆಕ್ಕದ_ಮೇಷ್ಟ್ರು · ಡಿಸೆಂಬರ್ 9

ಇಲ್ಲಿ ಹೆಚ್ಚಿನವರು ಮರೆಯೋ ವಿಷಯ ಒಂದಿದೆ. ಹಾಳೆ ಹಾಕಿದ ಮೇಲೆ ಗಾಜು ಮೊದಲಿಗಿಂತ ತಣ್ಣಗಾಗುತ್ತೆ. ಮೊದಲು ನಿಮ್ಮ ಮನೆಯ ಶಾಖ ಗಾಜನ್ನೂ ಕಾಯಿಸುತ್ತಿತ್ತು, ಈಗ ಅದನ್ನು ಹಾಳೆ ಈಚೆಯೇ ತಡೆದಿದೆ. ಹೊರಗೆ 20 ಇದ್ದಾಗ ಮೊದಲು 36ರಲ್ಲಿದ್ದ ಗಾಜು ಈಗ 28ರ ಹತ್ತಿರ ಬಂದಿರುತ್ತೆ, ಅಂದರೆ ನೀರು ಹೆಪ್ಪುಗಟ್ಟುವ 32ಕ್ಕಿಂತ ಕೆಳಗೆ. ಕೋಣೆಯಲ್ಲಿ 70 ಡಿಗ್ರಿ, ತೇವಾಂಶ ನೂರಕ್ಕೆ 40 ಅಂತ ಹಿಡಿದರೆ 45 ಡಿಗ್ರಿಗಿಂತ ತಣ್ಣಗಿರೋ ಎಲ್ಲದರ ಮೇಲೂ ಮಂಜು ಕೂರುತ್ತೆ. ಹಾಳೆ 53, ಬಚಾವು. ಗಾಜಿಗೆ ಒಂದು ಚೂರು ಹಸಿ ಗಾಳಿ ಸಿಕ್ಕರೂ ಮುಗೀತು. ಅದಕ್ಕೇ ಈ ಕೆಲಸದಲ್ಲಿ ಮುಕ್ಕಾಲು ಮುಚ್ಚೋದು ಅಂತ ಇಲ್ಲ. ಅಂಚು ಪೂರ್ತಿ ಕೂರಬೇಕು, ಇಲ್ಲ ಮಂಜು ಜಾಸ್ತಿಯಾಗುತ್ತೆ.

ಇನ್ನೊಂದು ಪ್ರಶ್ನೆ. ಬೇರೆ ಎರಡು ಕಿಟಕಿಗೂ ಅದೇ ಕುಕ್ಕರ್ ಹಬೆ ತಾನೇ? ಇದೊಂದಕ್ಕೆ ಯಾಕೆ? ಹಾಳೆಯ ಹಿಂದೆ ಏನಾದರೂ ಒದ್ದೆ ವಸ್ತು ಇದೆಯಾ?

ಕರಿಬೇವು_ಕುಂಡ · ಡಿಸೆಂಬರ್ 9

ಸಾರ್... ಕರಿಬೇವಿನ ಕುಂಡ ಇದೆ.

ಕಿಟಕಿಕಟ್ಟೆ ಅಲ್ಲಿ ಅಗಲ ಇದೆ. ಗಿಡಕ್ಕೆ ಬಿಸಿಲು ಬೀಳುವುದು ಅದೊಂದೇ ಜಾಗ. ಬೆಚ್ಚಗಿರುತ್ತೆ ಬಿಡು, ಗಾಜಿನ ಮನೆ ಇದ್ದ ಹಾಗೆ ಅಂತ ಅಮ್ಮ ಅಂದರು, ನನಗೂ ಹೌದೆನಿಸಿತು. ಹಾಳೆ ಹಚ್ಚುವ ಮೊದಲು ಒಂದು ಚೊಂಬು ನೀರೂ ಹಾಕಿದ್ದೆವು.

ಹೊಸೂರು_ರಸ್ತೆ · ಡಿಸೆಂಬರ್ 9

ಹೆಸರಲ್ಲೇ ಇತ್ತಲ್ಲ ಗುರು ಉತ್ತರ 😂

ಸಾಧನಕೇರಿ_ಮಂದಿ · ಡಿಸೆಂಬರ್ 10

ಅಯ್ಯ ಶಿವನ! ಈಗಿಂದೀಗ ಬಿಚ್ಚ್ರಿ. ಒದ್ದಿ ಮಣ್ಣು, ಎಲಿ ಬಿಡೋ ಹಬಿ, ಎಲ್ಲಾ ಆ ಗಾಜಿಗೆ ಹೊಕ್ಕೈತಿ. ಅದರ ಮ್ಯಾಲ ಮೇಷ್ಟ್ರು ಹೇಳಿಧಂಗ ಹಾಳಿ ಆಚೆ ಕಡೆ ಮನಿ ಅಲ್ಲ, ಬೀದಿ. ಕರಿಬೇವು ಚಳಿ ತಡಿಯೂದಿಲ್ಲ. ಟೇಪ್ ಎಳಿಯೂಕಿಂತ ಮೊದಲ ಡ್ರೈಯರ್‌ಲೇ ಬೆಚ್ಚಗ ಮಾಡ್ರಿ, ಗ್ವಾಡಿಗೆ ಗುಂಟ ನಿಧಾನಕ ಜಗ್ರಿ, ನೆಟ್ಟಗ ನಿಮ್ಮ ಕಡೆ ಜಗ್ಗಬ್ಯಾಡ್ರಿ. ಬಣ್ಣ ಉಳೀತದ.

ಕರಿಬೇವು_ಕುಂಡ · ಡಿಸೆಂಬರ್ 15

ಬಿಚ್ಚಿ, ಒರೆಸಿ, ಎರಡು ದಿನ ಒಣಗಲು ಬಿಟ್ಟು ಹೊಸದಾಗಿ ಹಾಕಿದೆವು. ಬಣ್ಣ ಒಂದೇ ಕಡೆ ಕಿತ್ತಿತು, ಕಡಲೆಬೇಳೆಯಷ್ಟು. ಕೆರೆಯದೆ ಒದ್ದೆ ಬಟ್ಟೆಯಲ್ಲಿ ಎತ್ತಿ, ಫೋಟೋ ತೆಗೆದು ಓನರ್‌ಗೆ ಕಳಿಸಿದೆ. ಸ್ಟಾರ್ಮ್ ಕಿಟಕಿಯನ್ನೂ ನೋಡಿ ಅಂತ ಅದರಲ್ಲೇ ಸೇರಿಸಿದೆ. ಮರುದಿನ ಆಳು ಬಂದು, ಜಾಡಿಗೆ ಎಣ್ಣೆ ಬಿಟ್ಟು, ಎರಡು ಏಟು ಹಾಕಿ ಇಳಿಸಿ ಹೋದ. ಮೂರು ವರ್ಷದಿಂದ ಕೇಳುತ್ತಿದ್ದೆ!

ಕಿಟಕಿಕಟ್ಟೆಯನ್ನು ಈ ಸಲ ಮೂರು ಬಾರಿ ಒರೆಸಿ, ಟೇಪನ್ನು ಚಮಚದ ಹಿಂಬದಿಯಿಂದ ಉದ್ದಕ್ಕೂ ಒತ್ತಿದೆ. ಕುಕ್ಕರ್ ಇಡುವಾಗ ಒಲೆ ಮೇಲಿನ ಫ್ಯಾನ್ ಹಾಕುವುದು ಅಂತ ಅಮ್ಮನ ಜೊತೆ ಒಪ್ಪಂದ ಆಗಿದೆ, ಅರ್ಧ ದಿನ ಮರೆಯುತ್ತಾರೆ.

ಕುಡ್ಲದ_ಗಾಳಿ · ಡಿಸೆಂಬರ್ 15

ಹತ್ತು ಡಾಲರಿನ ತೇವಾಂಶ ಮಾಪಕ ಒಂದು ತಂದು ಗೋಡೆಗೆ ಹಾಕಿ. ಜೋರು ಚಳಿಯ ವಾರದಲ್ಲಿ 30ರ ಆಸುಪಾಸು ಇರಲಿ. ಅದಕ್ಕಿಂತ ಇಳಿದರೆ ಮೂಗು ಒಡೆಯುತ್ತದೆ, ಅಮ್ಮ ಬಯ್ಯುತ್ತಾರೆ.

ಕರಿಬೇವು_ಕುಂಡ · ಜನವರಿ 22

ಮೊನ್ನೆ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಯಿತು. ಮೂರೂ ಕಿಟಕಿ ಸ್ವಚ್ಛ, ಮೂರನೆಯದರ ಕೆಳಮೂಲೆಯಲ್ಲಿ ಎರಡು ಬೆರಳಷ್ಟು ಮಂಜು, ಅಷ್ಟೇ. ಜೋರು ಗಾಳಿಯಲ್ಲಿ ಹಾಳೆ ಸ್ವಲ್ಪ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತೆ. ಅಂದರೆ ಇನ್ನೂ ಎಲ್ಲೋ ಮರದ ಸಂದಿಯಿದೆ. 2019ರ ಜನವರಿಯಲ್ಲಿ ಇಲ್ಲಿ ಮೈನಸ್ 23 ಆಗಿತ್ತು, ಆಗ ಇದೇ ಮನೆಯಲ್ಲಿದ್ದವರು ಹೇಗೆ ಕಳೆದರೋ.

ಕರಿಬೇವು ಎಲೆ ಎಲ್ಲ ಉದುರಿಸಿದೆ. ಉಗುರಲ್ಲಿ ಗೀರಿ ನೋಡಿದೆ, ತೊಗಟೆ ಕೆಳಗೆ ಹಸಿರಿದೆ. ಊಟದ ಮೇಜಿನ ಮೇಲೆ ದೀಪದ ಕೆಳಗೆ ಇಟ್ಟಿದ್ದೇವೆ. ಅದು ಚಿಗುರುವವರೆಗೆ ಒಗ್ಗರಣೆಗೆ ಡೆವನ್ ಅಂಗಡಿಯ ಸೊಪ್ಪು.

ಒಂದು ಕಿಟಕಿಗಾಗುವಷ್ಟು ಹಾಳೆ, ಅರ್ಧ ಸುರುಳಿ ಟೇಪ್ ಉಳಿದಿದೆ. ಹತ್ತಿರದಲ್ಲಿ ಯಾರಿಗಾದರೂ ಬೇಕೇ?

ಮೂರನೇ_ಮಹಡಿ · ಜನವರಿ 22

ನನಗೆ ಬೇಕು ಸಾರ್, ಲಿಂಕನ್ ಸ್ಕ್ವೇರ್ ಹತ್ತಿರ ಇದ್ದೀನಿ. ಶನಿವಾರ ಬರಬಹುದಾ? ಡ್ರೈಯರ್ ಇದೆ, ಮೈಸೂರಿಂದ ತಂದಿದ್ದು.

ಕರಿಬೇವು_ಕುಂಡ · ಜನವರಿ 22

ಬನ್ನಿ, ಅಮ್ಮ ಇಡ್ಲಿ ಮಾಡುತ್ತಾರಂತೆ. ಡ್ರೈಯರ್ ಅಲ್ಲೇ ಬಿಟ್ಟು ಬನ್ನಿ, ಮೇಲಿನ ಮನೆಯವರದ್ದು ಇನ್ನೂ ನಮ್ಮ ಹತ್ತಿರವೇ ಇದೆ.